ನನ್ನ ಬಲಗಾಲಿನ ಮೇಲೆ ಬಂದ ಅಪವಾದ

ಐವತ್ತರ ದಶಕದ ಬೊಂಬಾಯಿಯಲ್ಲಿ ಒಂದು ಚಳಿಗಾಲವಿಡೀ ನನ್ನ ಬಲಗಾಲು ಅಪರಾಧಿಯಾಗಿತ್ತು. ಅದು ಬ್ರೇಕಿನ ಪೆಡಲ್ ಬಿಟ್ಟು ಮೇಲೇಳುವುದೇ ಇಲ್ಲ ಎಂಬುದು ಅಪ್ಪನ ಆರೋಪ. ಆರೋಪ ಸುಳ್ಳೆಂದು ನನಗೆ ಗೊತ್ತಿತ್ತು, ತೋರಿಸಿಕೊಡುವ ದಾರಿ ಮಾತ್ರ ಗೊತ್ತಿರಲಿಲ್ಲ. ಈಗ ನೆನೆದರೂ ಮೈ ಉರಿಯುತ್ತದೆ, ಹಿಂದೆಯೇ ನಗುವೂ ಬರುತ್ತದೆ.

ಅಪ್ಪನ ಹೋಟೆಲು ಬಾಂದ್ರಾದಲ್ಲಿ, ನಮ್ಮ ಮನೆ ಸಾಂತಾಕ್ರೂಜ್‌ನಲ್ಲಿ. ಉಡುಪಿ ಕಡೆಯಿಂದ ಬಂದು ವರ್ಷಗಟ್ಟಲೆ ಲೋಕಲ್ ರೈಲಿನಲ್ಲಿ ಜೋತಾಡಿ ಓಡಾಡಿದ ಮೇಲೆ ಅವರು ಒಂದು ಹಳೆಯ ವಿಲಾಯತಿ ಕಾರು ಕೊಂಡಿದ್ದರು. ಆಗ ಕಾಲೇಜಿಗೆ ಹೋಗುತ್ತಿದ್ದ ನಾನು ಕಾರು ಕಲಿಯುತ್ತೇನೆಂದು ಹಟ ಹಿಡಿದೆ. ಅಮ್ಮ ಬೇಡವೆಂದಳು, ಬಿಲ್ಡಿಂಗಿನವರು ನಕ್ಕರು, ಅಪ್ಪ ಹೇಗೋ ಒಪ್ಪಿಬಿಟ್ಟರು. ಬೆಳಿಗ್ಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಟೆಲಿನವರೆಗೆ ನಾನು ಓಡಿಸುವುದು, ಮಧ್ಯಾಹ್ನ ಊಟಕ್ಕೆ ಅವರೇ ಓಡಿಸಿಕೊಂಡು ಮನೆಗೆ ಬರುವುದು ಎಂದು ಏರ್ಪಾಡಾಯಿತು. ಲೈಸೆನ್ಸಿನ ಪರೀಕ್ಷೆಯೂ ಹತ್ತಿರ ಬಂದಿತ್ತು.

ಡಿಸೆಂಬರ್ ಬಂತು, ಕಾರು ಮೊಂಡು ಹಿಡಿಯಿತು. ಹೊರಟು ನಾಲ್ಕಾರು ಸಲ ಬ್ರೇಕ್ ಒತ್ತುವುದರೊಳಗೆ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ಆಗುತ್ತಿತ್ತು. ಇಂಜಿನ್ ಅರಚಿಕೊಳ್ಳುತ್ತದೆ, ಗಾಡಿ ತೆವಳುತ್ತದೆ. ಬಾಂದ್ರಾ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ.

"ಎಂತ ಮಾರಾಯ್ತಿ, ಬ್ರೇಕಿನ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯಲ್ಲ! ತೆಗಿ ಕಾಲು!" ಅಪ್ಪ ಗದರುತ್ತಿದ್ದರು.

"ತೆಗ್ದಿದ್ದೇನೆ ಅಪ್ಪಾ, ಬೇಕಾದ್ರೆ ನೋಡಿ!" ಎಂದು ನಾನು ಕಾಲನ್ನು ಮೇಲಕ್ಕೆತ್ತಿ ತೋರಿಸಿದರೆ, "ರಸ್ತೆ ಮಧ್ಯ ಸರ್ಕಸ್ ಮಾಡ್ಬೇಡ" ಎಂದು ಅದಕ್ಕೂ ಬೈಗುಳ.

ಮಧ್ಯಾಹ್ನ ಅಪ್ಪ ಓಡಿಸಿದಾಗ ಅದೇ ಕಾರು ಸಲೀಸಾಗಿ ಬರುತ್ತಿತ್ತು! ನಾನು ಕೂತರೆ ಹಿಡಿಯುತ್ತದೆ, ಅವರು ಕೂತರೆ ಹಾರುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಒಂದು ದಿನ ಅಪ್ಪ ಹೇಳಿಯೇ ಬಿಟ್ಟರು: "ಇನ್ನೊಂದು ಸಲ ಬ್ರೇಕ್ ಸುಟ್ರೆ ಮುಗೀತು. ನೀನು ಸ್ಟೇರಿಂಗ್ ಮುಟ್ಲಿಕ್ಕಿಲ್ಲ, ಪರೀಕ್ಷೆಯೂ ಇಲ್ಲ." ಅಪ್ಪ ಹೇಳಿದ್ದನ್ನು ಮಾಡುವ ಜನ.

ಅವತ್ತು ಹೋಟೆಲಿನ ಮುಂದೆ ಇಳಿದವಳೇ ಚಕ್ರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಬೆರಳು ಚುರ್ರೆಂದಿತು. ಒಂದಲ್ಲ, ನಾಲ್ಕೂ ಬಿಸಿ. ಒಂದೇ ಚಕ್ರ ಕಾದಿದ್ದರೆ ಆ ಚಕ್ರದ ದೋಷ ಎನ್ನಬಹುದು. ನಾಲ್ಕೂ ಒಟ್ಟಿಗೆ ಕಾದರೆ ನಾಲ್ಕಕ್ಕೂ ಒಂದೇ ಕಡೆಯಿಂದ ಅಪ್ಪಣೆ ಹೋಗುತ್ತಿರಬೇಕು. ಒಂದೋ ನನ್ನ ಕಾಲಿನಿಂದ, ಇಲ್ಲವೇ ಪೆಡಲಿನ ಆಚೆ ಎಲ್ಲೋ. ಅಪ್ಪ ಕಾರು ತೋರಿಸಿದ ಗ್ಯಾರೇಜಿನ ಮಿಸ್ತ್ರಿ ಇಷ್ಟೆಲ್ಲ ಯೋಚಿಸಲಿಲ್ಲ. ಬ್ರೇಕ್ ಬಿಗಿಯಾಗಿದೆ ಎಂದು ನಾಲ್ಕೂ ಚಕ್ರದಲ್ಲಿ ಸಡಿಲಿಸಿ ಕೊಟ್ಟ. ಆ ಮಧ್ಯಾಹ್ನ ಅಪ್ಪ ಒತ್ತಿದರೆ ಪೆಡಲ್ ನೆಲಕ್ಕೇ ಹೋಗಿ, ಕಾರು ಒಂದು ಟಾಂಗಾದ ಹತ್ತಿರ ಹೋಗಿ ಹೇಗೋ ನಿಂತಿತು. ಅದರ ಬೈಗುಳವೂ ನನಗೇ ಬಂತು, ಬ್ರೇಕನ್ನು ಮತ್ತೆ ಮೊದಲಿನಂತೆ ಬಿಗಿ ಮಾಡಿಸಿದ್ದೂ ಆಯಿತು.

ಭಾನುವಾರ ಬೆಳಿಗ್ಗೆ ಶಾಲು ಹೊದ್ದು ಕಾಫಿ ಕುಡಿಯುತ್ತಿದ್ದಾಗ ಥಟ್ಟನೆ ಹೊಳೆಯಿತು. ನಾನು ಓಡಿಸುವುದು ಯಾವಾಗಲೂ ಬೆಳಿಗ್ಗೆ, ಅಪ್ಪ ಓಡಿಸುವುದು ಯಾವಾಗಲೂ ಮಧ್ಯಾಹ್ನ! ಲೋಟ ಅಲ್ಲೇ ಇಟ್ಟು ಎದ್ದೆ.

"ಅಪ್ಪಾ, ಇವತ್ತು ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತು ಕಲೀತೇನೆ."

ಅಪ್ಪ ಖುಷಿಯಾಗಿ ಕೀಲಿ ತಗೊಂಡರು. ನಾನು ಅವರ ಬಲಗಾಲನ್ನೇ ನೋಡುತ್ತಾ ಕೂತೆ. ಘೋಡ್‌ಬಂದರ್ ರೋಡಿನಲ್ಲಿ ಸ್ವಲ್ಪ ದೂರ ಹೋಗಿರಬೇಕು, ಇಂಜಿನ್ ಅರಚತೊಡಗಿತು, ಕಾರು ತೆವಳತೊಡಗಿತು. ನಾನು ಸೀಟಿನಲ್ಲೇ ಕುಣಿದೆ.

"ಅಪ್ಪಾ, ಕಾಲು ತೆಗೀರಿ!"

"ತೆಗ್ದಿದ್ದೇನೆ ಮಾರಾಯ್ತಿ!" ಎಂದವರೇ ತಮ್ಮ ಮಾತು ತಮಗೇ ಕೇಳಿಸಿ ತಮ್ಮ ಕಾಲನ್ನೇ ಬಗ್ಗಿ ನೋಡಿಕೊಂಡರು. ಆಮೇಲೆ, "ನಿನ್ನೆ ನೀನು ಹಾಳು ಮಾಡಿಟ್ಟದ್ದು ಇದು" ಎಂದರು. ಸೋಲು ಒಪ್ಪುವ ಆಸಾಮಿಯೇ ಅಲ್ಲ! ನಾನು ಬಿಡಲಿಲ್ಲ. ಬಿಸಿಲು ಏರುವುದರೊಳಗೆ ಗ್ಯಾರೇಜಿಗೆ ಹೋಗಲೇಬೇಕೆಂದು ಪಟ್ಟು ಹಿಡಿದೆ.

ಮಿಸ್ತ್ರಿ ಜಾಕ್ ಹಾಕಿ ಚಕ್ರ ಎತ್ತಿದ. ಎರಡು ಕೈಯಲ್ಲಿ ತಿರುಗಿಸಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಚಕ್ರದ ಹಿಂದಿನ ಸಣ್ಣ ತಿರುಪು ಸಡಿಲಿಸಿದ ಕೂಡಲೇ ಬ್ರೇಕ್ ಆಯಿಲ್ ಚಿಳ್ಳನೆ ಚಿಮ್ಮಿತು, ಚಕ್ರ ಗಿರ್ರನೆ ತಿರುಗಿತು. ಪೆಡಲ್ ಬಿಟ್ಟ ಮೇಲೂ ಆಯಿಲ್ ವಾಪಸು ಬರದೆ ಒಳಗೇ ಒತ್ತಿಕೊಂಡಿತ್ತು ಎಂದಾಯಿತು. ಏಕೆ ಬರುತ್ತಿರಲಿಲ್ಲ? ಮಿಸ್ತ್ರಿ ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಬೆಳ್ಳಗೆ ಏನೋ ಗಡ್ಡೆ ಕಟ್ಟಿತ್ತು. ಯಾರೋ ಗ್ರೀಸ್ ತುಂಬಿದ್ದಾರೆ ಎಂದು ಅವನು ಗೊಣಗಿದ. ನಾನು ಬೆರಳು ಹಾಕಿ ತೆಗೆದೆ. ಬೆರಳ ಮೇಲೆ ಅದು ಮೆಲ್ಲಗೆ ಕರಗಿತು. ಮೂಸಿ ನೋಡಿದೆ.

"ತೆಂಗಿನೆಣ್ಣೆ!" ಎಂದು ನಾನು ಕೂಗಿದ್ದಕ್ಕೆ ಇಡೀ ಗ್ಯಾರೇಜು ತಿರುಗಿ ನೋಡಿತು.

ಚಳಿಗೆ ಗಟ್ಟಿಯಾಗುತ್ತದೆ, ಆಯಿಲ್ ವಾಪಸು ಬರುವ ತೂತನ್ನು ಮುಚ್ಚುತ್ತದೆ, ಮಧ್ಯಾಹ್ನ ಕರಗಿ ದಾರಿ ಬಿಡುತ್ತದೆ! ನಮ್ಮ ಬಚ್ಚಲುಮನೆಯ ಬಾಟಲಿ ದಿನಾ ಮಾಡುವುದನ್ನೇ ಕಾರೂ ಮಾಡುತ್ತಿತ್ತು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡಿದರು.

ನಮ್ಮ ಮನೆಗೆ ಊರಿನಿಂದ ಡಬ್ಬಿಗಟ್ಟಲೆ ತೆಂಗಿನೆಣ್ಣೆ ಬರುತ್ತಿತ್ತು. ಮಂಡಿ ನೋವಿಗೆ ಅದೇ, ತುಕ್ಕು ಹಿಡಿದ ಬೀಗಕ್ಕೆ ಅದೇ, ಹೋಟೆಲಿನ ಬಾಗಿಲು ಕಿರುಗುಟ್ಟಿದರೂ ಅದೇ. ಪೇಟೆಯ ಯಾವ ಎಣ್ಣೆಯ ಮೇಲೂ ಅಪ್ಪನಿಗೆ ನಂಬಿಕೆಯಿಲ್ಲ. ಬ್ರೇಕ್ ಆಯಿಲ್ ಕಡಿಮೆಯಾದಾಗಲೆಲ್ಲ ಅವರು ಕಾರಿಗೂ ಅದನ್ನೇ ಪ್ರೀತಿಯಿಂದ ಹೊಯ್ದಿದ್ದರು.

"ಊರಿನ ಗಾಣದ್ದು," ಎಂದರು ಮೆಲ್ಲಗೆ. "ಚೂರೂ ಕಲಬೆರಕೆ ಇಲ್ಲ."

ನಾನು ಹೊಟ್ಟೆ ಹಿಡಿದು ನಕ್ಕೆ. ಮಿಸ್ತ್ರಿಯೂ ನಕ್ಕ, ಆದರೆ ಒಳಗಿನ ರಬ್ಬರುಗಳೆಲ್ಲ ಊದಿಕೊಂಡಿವೆ, ಎಲ್ಲ ಬದಲಿಸಿ ಪೈಪು ತೊಳೆಯಬೇಕು ಎಂದ. ಅಪ್ಪ ತಲೆಯಾಡಿಸಿದರು. ಆಮೇಲೆ ತಮ್ಮ ಹೋಟೆಲ್ ಹಿಂದಿಯಲ್ಲಿ ಅವನಿಗೆ ಹೇಳಿದರು: "ಲಡ್ಕೀ ಕಾ ಪೈರ್ ಬರೋಬರ್ ಹೈ." ಹುಡುಗಿಯ ಕಾಲು ಸರಿಯಾಗಿಯೇ ಇದೆ ಎಂದು. ನನಗೆ ಹೇಳಲಿಲ್ಲ, ಮಿಸ್ತ್ರಿಗೆ ಹೇಳಿದರು. ನನಗೋ ಆಕಾಶ ಮೂರೇ ಗೇಣು!

ಪರೀಕ್ಷೆ ಪಾಸಾದ ಮರುದಿನ ಬೆಳಿಗ್ಗೆ ಒಳ್ಳೆಯ ಚಳಿಯಿತ್ತು. ಕಾರು ಎಲ್ಲೂ ಹಿಡಿಯಲಿಲ್ಲ, ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಓಟ. ಅಪ್ಪ ಇನ್ನೂ ಯಾಕೆ ಬೈಯಲಿಲ್ಲವೆಂದು ಪಕ್ಕಕ್ಕೆ ನೋಡಿದರೆ, ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಹೋಗಿದ್ದರು. ಹೋಟೆಲು ಬಂತು. ನಾನು ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು ಹೊಡೆದು ಬರೋಣವೆಂದು ಸಮುದ್ರದ ಕಡೆಗೆ ತಿರುಗಿಸಿದೆ.