ಉಸ್ತಾದರು ಒರೆಸಿದ ಬಣ್ಣ

ಅರವತ್ತರ ಹತ್ತಿರದ, ಬಿಳಿ ಗಡ್ಡದ ಆ ಮನುಷ್ಯನ ಬೆರಳ ತುದಿಗಳಲ್ಲಿ ಯಾವಾಗಲೂ ಐದಾರು ಬಣ್ಣದ ನೇಲ್ ಪಾಲಿಶ್ ಇರುತ್ತಿತ್ತು. ಉಗುರಿನ ಮೇಲಲ್ಲ, ಬೆರಳಿನ ಒಳಮೈಯಲ್ಲಿ. ಕೆಂಪು, ನೇರಳೆ, ಗಿಳಿಹಸಿರು, ಮಿನುಗುವ ಬೆಳ್ಳಿ. ಗ್ರೀಸಿನ ಕಪ್ಪು ಸೋಪಿಗೆ ಹೋಗುತ್ತಿತ್ತು, ಇವು ಹೋಗುತ್ತಿರಲಿಲ್ಲ. ಚಿಂತಾಮಣಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಒಮ್ಮೆ ಆ ಬೆರಳುಗಳನ್ನು ನೋಡಿ, "ಏನ್ ಸಾಬ್ರೇ, ಮೊಮ್ಮಗಳು ಆಟ ಆಡಿದ್ಳಾ?" ಎಂದು ಕೇಳಿದ. "ಮೊಮ್ಮಕ್ಕಳು ಇಪ್ಪತ್ತೆರಡು ಜನ ಇದಾರೆ ಕಣಪ್ಪ, ಎಲ್ಲಾ ಕಾಲೇಜಲ್ಲಿ," ಎಂದರು ಅವರು. ನಾನು ಪಕ್ಕದಲ್ಲೇ ನಿಂತಿದ್ದೆ. ನಿಂತಿದ್ದೆ ಎಂದು ನೆನಪು. ಯಾರೋ ಹೇಳಿದ ಕತೆಯೊಳಗೆ ಆಮೇಲೆ ನಾನೇ ಹೋಗಿ ನಿಂತುಕೊಂಡಿದ್ದರೂ ಇರಬಹುದು.

ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್ ನೋಡಿಕೊಳ್ಳುವವರು ಅವರು. ಡಿಗ್ರಿ ಇರಲಿಲ್ಲ. ಅದಕ್ಕೆ ಮುಂಚೆ ಬಹಳ ವರ್ಷ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡಿದ್ದರು. ಹತ್ತಾರು ಯಂತ್ರಗಳು ಒಟ್ಟಿಗೆ ಗಡಗಡಿಸುತ್ತಿದ್ದಾಗಲೂ ಬಾಗಿಲಲ್ಲೇ ನಿಂತು, ಕೆಟ್ಟಿರುವುದು ಯಾವುದು ಎಂದು ಬೆರಳು ತೋರಿಸುತ್ತಿದ್ದರಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಆದ್ದರಿಂದ ಆಗ ನಂಬಿರಲಿಲ್ಲ. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಿದ್ದರು.

ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ, ಅವರೇ ಓಡಿಸುವ ಸ್ಪರ್ಧೆಯೊಂದಿದೆ. ನಮ್ಮ ಕಾಲೇಜೂ ಅದಕ್ಕೆ ಇಪ್ಪತ್ತೆರಡು ಜನರ ತಂಡ ಕಟ್ಟಿತು. ಪ್ರೊಫೆಸರುಗಳು ಡ್ರಾಯಿಂಗ್ ಕೊಟ್ಟರು, ಲೆಕ್ಕ ಕೊಟ್ಟರು. ಉಸ್ತಾದರು ಮಾತ್ರ ಒಂದು ತಿಂಗಳು ನಮ್ಮನ್ನು ಕಾರಿನ ಹತ್ತಿರ ಬಿಡಲಿಲ್ಲ. ಗುಜರಿಯಿಂದ ತಂದ ಆಟೋ ಚಕ್ರವೊಂದನ್ನು ಬಿಚ್ಚಿಸಿದರು, ಜೋಡಿಸಿದರು, ಮತ್ತೆ ಬಿಚ್ಚಿಸಿದರು. ಪುಸ್ತಕದಲ್ಲಿದ್ದುದಕ್ಕೂ ಪುರಾವೆ ಕೇಳುವ ಚಟ ನನಗೆ ಆಗಲೇ ಹತ್ತಿತ್ತು.

"ಒಂದೇ ಕೆಲಸ ಇಪ್ಪತ್ತು ಸಲ ಮಾಡಿದ್ರೆ ಇಪ್ಪತ್ತೊಂದನೇ ಸಲ ಚೆನ್ನಾಗಿ ಬರುತ್ತೆ ಅಂತ ಏನು ಗ್ಯಾರಂಟಿ ಉಸ್ತಾದ್?" ಎಂದೆ.

"ಚೆನ್ನಾಗಿ ಬರಲ್ಲಪ್ಪ. ಬೇಜಾರು ಬರುತ್ತೆ. ಬೇಜಾರಲ್ಲೂ ಬಿಗಿ ಮಾಡ್ತೀಯಾ ಇಲ್ವಾ ಅಂತ ನೋಡ್ಬೇಕು ನಾನು."

ನೇಲ್ ಪಾಲಿಶ್ ಬಂದದ್ದು ಆಮೇಲೆ. ಚಿಂತಾಮಣಿ ಪೇಟೆಯ ಬಳೆ ಅಂಗಡಿಯಿಂದ ತಲೆಗೊಂದು ಬಣ್ಣದ ಬಾಟಲಿ ತಂದು ಹಂಚಿದರು. ಗೌರಿಬಿದನೂರಿನ ನವೀನನಿಗೆ ಗಿಳಿಹಸಿರು. ನಮ್ಮ ಡ್ರೈವರ್ ಆಗಿದ್ದ ಪೆರೇಸಂದ್ರದ ಭವ್ಯಳಿಗೆ ಕೆಂಪು. ನನಗೆ ನೇರಳೆ. ಒಬ್ಬರು ನಟ್ಟು ಬಿಗಿ ಮಾಡಬೇಕು. ಇನ್ನೊಬ್ಬರು ಬಂದು, ಅದರ ಮೇಲೆ ಕೈ ಹಾಕಿ, ಸ್ಪ್ಯಾನರ್ ಹಾಕಿ ನೋಡಿ, ನಟ್ಟಿನಿಂದ ಬೋಲ್ಟಿಗೆ ತಮ್ಮ ಬಣ್ಣದ ಒಂದು ಗೆರೆ ಎಳೆಯಬೇಕು. ನಟ್ಟು ಸಡಿಲವಾದರೆ ಗೆರೆ ಮುರಿಯುತ್ತದೆ. ಯಾರು ಯಾವ ಭಾಗ ಬಿಗಿ ಮಾಡಿದರೆಂದು ಬೋರ್ಡಿನ ಮೇಲೆ ಬರೆದಿರುತ್ತಿತ್ತು. ಯಾವ ನಟ್ಟಿಗೆ ಯಾರು ಗೆರೆ ಎಳೆಯುತ್ತಾರೆಂಬುದು ಮಾತ್ರ ಬಿಗಿ ಮಾಡುವವರಿಗೆ ಮೊದಲೇ ತಿಳಿಯಬಾರದು. ತಿಳಿದರೆ ಸ್ನೇಹ ಅಡ್ಡ ಬರುತ್ತದೆ ಎನ್ನುತ್ತಿದ್ದರು. ಗೆರೆ ಒಣಗಿದೆಯೇ ಎಂದು ಅವರು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಆ ಬೆರಳುಗಳಿಗೆ ಬಣ್ಣ ಬಂದದ್ದು ಹಾಗೆ.

"ನಿನ್ನ ಬಣ್ಣ ಇದೆ ಅಂದ್ರೆ ನೀನು ಕೈ ಹಾಕಿದೀಯ ಅಂತ. ಕೈ ಹಾಕ್ದೇನೆ ಬಣ್ಣ ಹಾಕೋನು ನನ್ನ ಶೆಡ್ಡಿಗೆ ಬರೋದು ಬೇಡ."

ಮೊದಲ ವರ್ಷ ತಪಾಸಣೆಯಲ್ಲೇ ನಮ್ಮ ಕಾರು ಹೊರಬಿತ್ತು. ಎರಡನೆಯ ವರ್ಷ ತಪಾಸಣೆ ದಾಟಿ ಕೊನೆಯ ದಿನದ ದೀರ್ಘ ಓಟದವರೆಗೂ ಬಂದೆವು. ಆ ಬೆಳಿಗ್ಗೆ ಸ್ಟೀರಿಂಗಿನಿಂದ ಎಡ ಮುಂಚಕ್ರಕ್ಕೆ ಹೋಗುವ ರಾಡನ್ನು ಬದಲಾಯಿಸಿದ್ದೆವು. ಬೋರ್ಡಿನಲ್ಲಿ ಎಡಭಾಗ ನವೀನನ ಹೆಸರಿಗಿತ್ತು. ಮೈಕಿನಲ್ಲಿ ನಮ್ಮ ಕಾರಿನ ನಂಬರ್ ಕೂಗುತ್ತಿದ್ದಾಗ ಬಣ್ಣದ ಸರದಿಯಿದ್ದ ನಾವು ಮೂವರು ಬಾಟಲಿ ಹಿಡಿದು ಕಾರಿನ ಸುತ್ತ ಓಡಾಡಿ ಗೆರೆ ಎಳೆದೆವು.

ಅಲ್ಲಿಯ ನಿಯಮ ಕಟ್ಟುನಿಟ್ಟು. ಟ್ರ್ಯಾಕಿನ ಬಳಿ ವಿದ್ಯಾರ್ಥಿಗಳಲ್ಲದೆ ಬೇರೆಯವರು ಕಾರು ಮುಟ್ಟುವಂತಿಲ್ಲ. ಕಾಲೇಜಿನವರು ತಂತಿಬೇಲಿಯ ಆಚೆ ನಿಲ್ಲಬೇಕು. ಸಾಲು ಬಿಟ್ಟು ಹೊರಬಂದ ಕಾರನ್ನು ಮತ್ತೆ ಸೇರಿಸುವುದಿಲ್ಲ. ಬ್ರೇಕ್ ಪರೀಕ್ಷೆ ಮುಗಿಸಿ ಭವ್ಯ ಕಾರನ್ನು ಬೇಲಿಯ ಪಕ್ಕದಿಂದ ತಂದು ಸಾಲಿನಲ್ಲಿ ನಿಲ್ಲಿಸಿದಳು. ನಮ್ಮ ಮುಂದೆ ಇದ್ದದ್ದು ಒಂದೇ ಕಾರು.

ಉಸ್ತಾದರು ಬೇಲಿಗೆ ಮುಖ ಒತ್ತಿಕೊಂಡು ನನ್ನನ್ನು ಕರೆದರು. "ಟಕ್ ಅಂತು. ಎಡಗಡೆ ರಾಡು. ಹೋಗಿ ಕೈ ಹಾಕು."

"ಈ ಗದ್ದಲದಲ್ಲಿ ನಿಮಗೆ ಕೇಳಿಸ್ತಾ? ಕೈ ಹಾಕಿದೀನಿ ಉಸ್ತಾದ್, ಬೆಳಿಗ್ಗೆ. ನನಗೆ ಚೆನ್ನಾಗಿ ನೆನಪಿದೆ."

"ನಿನ್ನ ನೆನಪು ಯಾರು ಕೇಳಿದ್ರು? ಕೈ ಹಾಕು."

"ಈಗ ಬಗ್ಗಿದ್ರೆ ಸಾಲು ಬಿಡಬೇಕು. ಎರಡು ವರ್ಷ ಉಸ್ತಾದ್!"

ಸಿಟ್ಟು ಬಂದಾಗ ಅವರು ತೆಲುಗಿಗೆ ಹೊರಳುತ್ತಿದ್ದರು. "ಚೆಪ್ಪೇದಿ ವಿನು ನಾಯನಾ, ಹೇಳೋದು ಕೇಳು," ಎಂದರು. "ಅಷ್ಟು ನೆನಪಿದ್ರೆ ಆ ಹುಡುಗೀನ ಇಳಿಸಿ ನೀನು ಕೂತ್ಕೊ. ಕೂರ್ತೀಯಾ?"

ಮುಂದಿನ ಕಾರು ಹೊರಟಿತು. ಅಧಿಕಾರಿ ಹಸಿರು ಬಾವುಟವನ್ನು ಕಂಕುಳಿಂದ ತೆಗೆದ. ಭವ್ಯ ಹೆಲ್ಮೆಟ್ಟಿನೊಳಗಿಂದ, "ಏನಂತೆ ಕಣೋ? ಹೋಗಣ್ವಾ?" ಎಂದಳು. ನಾನು ಎರಡೂ ಕೈ ಎತ್ತಿ ಅಡ್ಡ ನಿಂತೆ.

ಹುಡುಗರು ಬೈಯುತ್ತಾ ಕಾರನ್ನು ಪಕ್ಕಕ್ಕೆ ತಳ್ಳಿದರು, ಕೆಲವರು ಅಧಿಕಾರಿಯ ಹತ್ತಿರ ವಾದಕ್ಕೆ ಓಡಿದರು. ನಾನು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕೈ ಹಾಕಿದೆ. ನಟ್ಟು ಎರಡು ಬೆರಳಿಗೆ ಪುಸಕ್ಕನೆ ತಿರುಗಿತು. ಮುರಿದ ಗೆರೆ ನೇರಳೆ ಬಣ್ಣದ್ದು.

ಹೊರಟಿದ್ದರೆ ಒಂದು ಸುತ್ತು ಮುಗಿಯುವ ಹೊತ್ತಿಗೆ ಆ ರಾಡು ಕಳಚಿ, ಚಕ್ರ ಸ್ಟೀರಿಂಗಿನ ಮಾತು ಕೇಳದೆ, ಕಾರು ಭವ್ಯಳ ಸಮೇತ ಗೋಡೆಗೆ ಹೋಗುತ್ತಿತ್ತು. ಇದರಲ್ಲಿ ಊಹೆ ಏನೂ ಇಲ್ಲ. ಊಹೆಯಾಗಿ ಉಳಿದಿರುವುದು ಬೆಳಗಿನ ನನ್ನ ಕೈ. ನಟ್ಟನ್ನು ಮುಟ್ಟಿದ್ದೆ, ಅದು ತಣ್ಣಗಿತ್ತು, ಮೇಲೆ ಇಬ್ಬನಿ ಇತ್ತು ಎಂದು ನನಗೆ ಈಗಲೂ ಸ್ಪಷ್ಟ ನೆನಪು. ಆದರೆ ಅವತ್ತು ಅಲ್ಲಿ ಇಬ್ಬನಿ ಬಿದ್ದಿರಲಿಲ್ಲ. ಆ ತಣ್ಣನೆಯ ನಟ್ಟು ನಮ್ಮ ಶೆಡ್ಡಿನ ಯಾವುದೋ ಚಳಿಗಾಲದ ಬೆಳಗಿನದು. ನಾನು ಕೈ ಹಾಕಿರಲಿಲ್ಲ, ಗೆರೆ ಮಾತ್ರ ಎಳೆದಿದ್ದೆ.

ಕಾರು ನಮ್ಮ ಟೆಂಟಿಗೆ ಬಂತು. ಅಲ್ಲಿ ಉಸ್ತಾದರು ಮುಟ್ಟಬಹುದಿತ್ತು. ಅವರು ಮೊದಲು ಮಾಡಿದ ಕೆಲಸವೆಂದರೆ ಬಟ್ಟೆಗೆ ಥಿನ್ನರ್ ಹಾಕಿಕೊಂಡು ಆ ನಟ್ಟನ್ನು ಒರೆಸಿದ್ದು. ಸಡಿಲಾದ ನಟ್ಟಿನ ಹಳೆಯ ಬಣ್ಣವನ್ನು ಮೊದಲು ತೆಗೆಯಬೇಕೆಂಬುದು ಅವರದೇ ನಿಯಮವಾದ್ದರಿಂದ ಯಾರಿಗೂ ಏನೂ ಅನಿಸಲಿಲ್ಲ. ಒರೆಸುವಾಗ ಅವರು ನನ್ನ ಕಡೆ ನೋಡಲೂ ಇಲ್ಲ.

ಉಳಿದದ್ದು ಬೋರ್ಡು. ಅದರಲ್ಲಿ ನವೀನನ ಹೆಸರು.

"ಎಡಗಡೆ ನಿಂದೇ ಅಲ್ವೇನೋ? ಸ್ಪ್ಯಾನರ್ ಏನು ಶೋಕಿಗೆ ಹಿಡ್ಕೊಂಡಿದ್ದಾ?" ಎಂದು ಹುಡುಗರು ಅವನ ಮೇಲೆ ಬಿದ್ದರು.

"ಮಾಡಿದ್ದೆ ಅಂತ... ಇಲ್ಲ, ಗೊತ್ತಿಲ್ಲ ಕಣ್ರೋ. ಮೈಕಲ್ಲಿ ಕೂಗ್ತಾ ಇದ್ರಲ್ಲ," ಎಂದ ನವೀನ. "ಬಣ್ಣ ಯಾರು ಹಾಕಿದ್ದು? ಅವರೂ ನೋಡ್ಬೇಕಿತ್ತಲ್ವಾ?"

"ಬಣ್ಣ ಒರೆಸಿ ಆಯ್ತಲ್ಲೋ, ಯಾರ್ದು ಅಂತ ಹೇಳೋದು! ಇನ್ನೊಬ್ಬನ ತಲೆಗೆ ಕಟ್ಬೇಡ."

ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಭವ್ಯ ಒಂದೇ ಮಾತು ಹೇಳಿದಳು. "ನಾನಲ್ವಾ ನವೀನ ಒಳಗಿದ್ದಿದ್ದು?" ಅವನು ತಲೆ ತಗ್ಗಿಸಿದ. ಮುಂದಿನ ವಾರದಿಂದ ಅವನು ಶೆಡ್ಡಿಗೆ ಬರಲಿಲ್ಲ.

ಟೆಂಟಿನಲ್ಲಿ ಭವ್ಯಳ ಆ ಮಾತು ಕೇಳಿದ ಕೂಡಲೇ ನಾನು ಎದ್ದು ನಿಂತು, "ಬಣ್ಣ ನಂದು," ಎಂದು ಎಲ್ಲರೆದುರು ಒಪ್ಪಿಕೊಂಡೆ. ಹೀಗೆಂದು ನನಗೆ ನೆನಪಿತ್ತು. ಆಮೇಲೆ ನಾನು ಓದಿ, ಊರೂರು ಬದಲಾಯಿಸಿ, ಕೊನೆಗೆ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಈ ಕತೆ ಹೇಳುತ್ತಿದ್ದೆ. ನಾನು ಎದ್ದು ನಿಲ್ಲುವ ಜಾಗಕ್ಕೆ ಬಂದಾಗ ತರಗತಿ ನಿಶ್ಶಬ್ದವಾಗುತ್ತಿತ್ತು.

ಹೋದ ವರ್ಷ ಉಸ್ತಾದರಿಗೆ ಶ್ವಾಸಕೋಶದ ಕಾಯಿಲೆ ಜೋರಾಗಿದೆ ಎಂದು ತಿಳಿದು ಚಿಂತಾಮಣಿಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಸೊಸೆ ಚಹಾ ತಂದುಕೊಟ್ಟಳು. ಮೊದಲ ಮಾತಿಗೇ, "ಕೂದಲೆಲ್ಲಾ ಎಲ್ಲಿ ಹೋಯ್ತೋ ನಿಂದು, ಅದನ್ನೂ ಬಿಗಿ ಮಾಡ್ಲಿಲ್ವಾ?" ಎಂದು ನನ್ನ ಬೋಳುತಲೆ ನೋಡಿ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು. ಅವರಿಗೆ ಖುಷಿಯಾಗಲಿ ಎಂದು ನಾನು ಹಳೆಯದನ್ನು ತೆಗೆದೆ.

"ಅವತ್ತು ಟೆಂಟಲ್ಲಿ ಎದ್ದು ನಿಂತು ಬಣ್ಣ ನಂದು ಅಂದ್ನಲ್ಲ ಉಸ್ತಾದ್, ಅದನ್ನ ಈಗ್ಲೂ ನಮ್ಮ ಹುಡುಗ್ರಿಗೆ ಹೇಳ್ತೀನಿ."

ಅವರು ಸಾಸರನ್ನು ಕೆಳಗಿಟ್ಟರು. "ಯಾವತ್ತು?"

"ಅದೇ, ನೀವು ಥಿನ್ನರಲ್ಲಿ ಒರೆಸಿದ್ರಲ್ಲ, ಅದಾದ್ಮೇಲೆ."

"ನೀನು ಹೇಳ್ಲಿಲ್ಲಪ್ಪ."

ನಾನು ಬಿಡದೆ ಟೆಂಟಿನಲ್ಲಿ ನವೀನ ಕೂತಿದ್ದ ಜಾಗ ಹೇಳಿದೆ, ಭವ್ಯಳ ಮಾತು ಹೇಳಿದೆ. ಅವರು ಎಲ್ಲಕ್ಕೂ ತಲೆಯಾಡಿಸಿದರು. "ಅದೆಲ್ಲಾ ಸರಿ. ನೀನು ಮಾತ್ರ ಹೇಳ್ಲಿಲ್ಲ. ಹೇಳ್ತೀಯ ಅಂತಾನೇ ನಾನು ಒರೆಸಿದ್ದು. ಸಿಕ್ಕಿಬಿದ್ದು ಹೇಳೋದಕ್ಕೂ ತಾನೇ ಹೇಳೋದಕ್ಕೂ ಫರಕ್ ಇದೆ. ಬಸ್ಸಲ್ಲಿ ಹೇಳ್ತೀಯ ಅಂದ್ಕೊಂಡೆ. ಶೆಡ್ಡಲ್ಲಿ ಹೇಳ್ತೀಯ ಅಂದ್ಕೊಂಡೆ."

"ಅವನು ಬಿಟ್ಟು ಹೋದಾಗ ನೀವಾದ್ರೂ ಹೇಳಬಹುದಿತ್ತಲ್ಲ!" ನನ್ನ ದನಿ ಏರಿತ್ತು.

"ಹೇಳ್ಬೇಕಿತ್ತು," ಎಂದರು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಗೌರಿಬಿದನೂರಿಗೆ ಅವನ ಮನೆಗೆ ಹೋಗಿದ್ದೆ, ವಾಪಸ್ ಬಾರಪ್ಪ ಅಂತ. ಬಣ್ಣ ಯಾರ್ದು ಅಂತ ಕೇಳ್ದ. ನನ್ನ ಬಾಯಿಗೆ ಬರ್ಲಿಲ್ಲ. ನಿನ್ನ ಉಳಿಸೋಕೆ ಹೋಗಿ ಅವನ್ನ ಶೆಡ್ಡಿಂದ ಕಳ್ಕೊಂಡೆ. ಅದು ನನ್ನ ತಪ್ಪು, ನನ್ನ ಹತ್ರಾನೇ ಇದೆ."

ಅವರು ದಿಂಬಿನ ಕೆಳಗಿಂದ ಫೋನ್ ತೆಗೆದು, ಏನನ್ನೋ ಒತ್ತಿ, ನಮ್ಮಿಬ್ಬರ ನಡುವೆ ಮಂಚದ ಮೇಲಿಟ್ಟರು.

"ಹೇಳಿ ಉಸ್ತಾದ್, ಮಾತ್ರೆ ತಗೊಂಡ್ರಾ?" ಎಂದಿತು ಆ ಕಡೆಯ ದನಿ. ಹಿಂದೆ ಲೇತ್ ಯಂತ್ರ ಓಡುತ್ತಿತ್ತು.

ಉಸ್ತಾದರು ನನ್ನ ಕಡೆ ಗದ್ದ ಎತ್ತಿದರು. ನಾನು ನನ್ನ ಹೆಸರು ಹೇಳಿದೆ. ಆಮೇಲೆ, "ಆ ನಟ್ಟಿನ ಮೇಲೆ ಇದ್ದಿದ್ದು ನೇರಳೆ ಕಣೋ ನವೀನ. ನಾನು ಕೈ ಹಾಕಿರ್ಲಿಲ್ಲ," ಎಂದೆ.

ಲೇತ್ ನಿಂತಿತು.

"ನಾನೂ ಬಿಗಿ ಮಾಡಿರ್ಲಿಲ್ಲ, ಅದು ನಿಜ," ಎಂದ ನವೀನ. "ಆದ್ರೆ ಇಷ್ಟು ವರ್ಷ ನಾನೊಬ್ನೇ ಅಂದ್ಕೊಂಡಿದ್ದೆ." ಲೇತ್ ಮತ್ತೆ ಶುರುವಾಯಿತು. "ಉಸ್ತಾದ್‌ಗೆ ಕೊಡು."

ಅವರಿಬ್ಬರೂ ಮಾತ್ರೆಯ ವಿಷಯ, ಲೇತಿನ ಬೆಲ್ಟಿನ ವಿಷಯ ಮಾತಾಡಿದರು. ನನ್ನ ವಿಷಯ ಬರಲಿಲ್ಲ.

ಅದೇ ತಿಂಗಳು ಉಸ್ತಾದರು ತೀರಿಕೊಂಡರು. ಮಣ್ಣಿಗೆ ನವೀನನೂ ಬಂದಿದ್ದ, ಭವ್ಯಳೂ ಬಂದಿದ್ದಳು. ಶವ ಹೊತ್ತವರು ಭುಜ ಬದಲಾಯಿಸುವಾಗ ನಾನೂ ನವೀನನೂ ಒಂದೇ ಕಡೆಗೆ ಸಿಕ್ಕಿದೆವು. "ನಿಧಾನ," ಎಂದ, ಅಷ್ಟೇ.

ಆ ಕತೆಯನ್ನು ಈಗಲೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕತೆಯ ಟೆಂಟಿನಲ್ಲಿ ಈಗ ಯಾರೂ ಎದ್ದು ನಿಲ್ಲುವುದಿಲ್ಲ.