ಪೇಟಿ ಮಾಸ್ತರನ ಕಿವಿ, ಕರಿಬಸಪ್ಪನ ಹಾರ್ನು

ತಾವರಗೇರಾ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಹಿಟ್ಟಿನ ಗಿರಣಿ, ಅದಕ್ಕೆ ಅಂಟಿಕೊಂಡೇ ರೆಹಮಾನನ ಅಂಗಡಿ. ಬೋರ್ಡಿನ ಮೇಲೆ ‘ಆಟೋ ಎಲೆಕ್ಟ್ರಿಷಿಯನ್’ ಎಂದಿದ್ದರೂ ಊರಿಗೆಲ್ಲ ಅವನು ಪೇಟಿ ಮಾಸ್ತರ. ಹಗಲಿಗೆ ಕಾರುಗಳ ವೈರು ಬಿಚ್ಚುತ್ತಾನೆ. ನಾಟಕವಿದ್ದರೆ ಹಾರ್ಮೋನಿಯಂ ಪೇಟಿ ಹೊತ್ತು ಹೊರಡುತ್ತಾನೆ. ಎರಡೂ ಕೆಲಸಕ್ಕೆ ಬಂಡವಾಳ ಒಂದೇ, ಕಿವಿ. ಆ ಕಿವಿಯ ಬಗ್ಗೆ ಅವನಿಗಿರುವ ಜಂಬವನ್ನು ನಮ್ಮ ಗಿರಣಿಗೆ ಹಾಕಿ ಬೀಸಿದರೆ ಊರಿಗೆಲ್ಲ ವರ್ಷಪೂರ್ತಿ ರೊಟ್ಟಿಯಾದೀತು.

ಕಾರು ಬಂದು ನಿಂತರೆ ಅವನು ಬಾನೆಟ್ ಕೂಡ ಎತ್ತುವುದಿಲ್ಲ. “ಹಾರ್ನ್ ಒತ್ರಿ” ಎನ್ನುತ್ತಾನೆ. ಕಣ್ಣು ಮುಚ್ಚಿ, ಕತ್ತು ವಾರೆ ಮಾಡಿ ಕೇಳುತ್ತಾನೆ. ಕರೆಂಟು ಕಡಿಮೆಯಾದರೆ ಹಾರ್ನಿನ ಸ್ವರ ಇಳಿಯುತ್ತದಂತೆ. “ಅರ್ಧ ಸ್ವರ ಇಳದೈತ್ರಿ. ಬ್ಯಾಟರಿ ತುಂಬೋ ಡೈನಮೊ ಕೆಟ್ಟೈತಿ” ಎಂದು ತೀರ್ಪು ಕೊಡುತ್ತಾನೆ. ಬಿಚ್ಚಿ ನೋಡಿದರೆ ಅದೇ ಕೆಟ್ಟಿರುತ್ತದೆ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ನಾನು ಕಂಡಂತೆ ಒಮ್ಮೆಯೂ ತಪ್ಪಿದ್ದಿಲ್ಲ.

ಅವನ ಹೆಂಡತಿ ಮೆಹಬೂಬಬೀಗೆ ಇದು ಚೂರೂ ಸೇರದು. ಅವನ ನಾಟಕಕ್ಕೂ ಅವಳು ಒಮ್ಮೆಯೂ ಹೋದವಳಲ್ಲ. “ಜ್ವರಾ ಬಂದಾವಗ ಡಾಕ್ಟರ್ ಹಾಡು ಅಂತಾನೇನ್ರಿ?” ಎಂದು ಸಿಡುಕಿ, ಕಳೆದ ವರ್ಷ ಗಂಗಾವತಿಯಿಂದ ಮೀಟರ್ ತಂದಳು. ಅದರ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದರೆ ಎಷ್ಟು ವೋಲ್ಟ್ ಇದೆಯೆಂದು ಅಂಕಿಯಲ್ಲಿ ತೋರಿಸುವ ಹಳದಿ ಡಬ್ಬಿ. ರೆಹಮಾನ ಅದನ್ನು ಮೊಳೆಗೆ ನೇತುಹಾಕಿ, ಮೇಲೆ ತನ್ನ ಅಂಗಿ ತೂಗುಬಿಟ್ಟ. ಗಂಡ ಹೆಂಡತಿ ಮನೆಯಲ್ಲಿ ಉರ್ದು ಮಾತಾಡಿದರೂ ಅಂಗಡಿಯಲ್ಲಿ ಜಗಳವಾಡುವುದು ಮಾತ್ರ ಕನ್ನಡದಲ್ಲೇ. ನಮಗೂ ಪೂರ್ತಿ ತಿಳಿಯಲಿ ಎಂಬ ದೊಡ್ಡ ಮನಸ್ಸು.

ಮೊನ್ನೆ ಸಿದ್ದಾಪುರದ ಭತ್ತದ ವ್ಯಾಪಾರಿ ಕರಿಬಸಪ್ಪ ತನ್ನ ಬಿಳಿ ಕಾರು ತಂದ.

“ಹೆಡ್‌ಲೈಟ್ ಮಿಣುಕ್ ಮಿಣುಕ್ ಅಂತಾವು ಮಾಸ್ತರ. ಕಿಡಕಿ ಗ್ಲಾಸು ಎಮ್ಮಿ ಎದ್ದಂಗ ಏಳ್ತೈತಿ. ಹೊಸಾ ಬ್ಯಾಟರಿ ಹಾಕ್ಸೇನಿ, ಅಂದ್ರೂ ಹಿಂಗ!”

ಹಾರ್ನ್ ಒತ್ತಿಸಿ ಕೇಳಿದ ರೆಹಮಾನ, “ಪೂರಾ ಒಂದು ಸ್ವರ ಇಳದೈತಿ! ಡೈನಮೊ ಹೋಗೈತಿ” ಎಂದ.

ಮೆಹಬೂಬಬೀ ಅಂಗಿ ಸರಿಸಿ ಮೀಟರ್ ತಂದಳು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಗೆ ಕಡ್ಡಿ ಹಚ್ಚಿದಳು. ಹದಿನಾಲ್ಕು ವೋಲ್ಟ್. ಅಂದರೆ ಬ್ಯಾಟರಿಯೂ ಸರಿ, ಡೈನಮೊವೂ ಸರಿ.

“ಎಲ್ಲಾ ಛಲೋ ಐತಿ. ನಿಮ್ಮ ಕಿವೀನ ಕೆಟ್ಟಾವ” ಎಂದುಬಿಟ್ಟು, ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಏಕೆಂದರೆ ಊರಿಗೇ ಗೊತ್ತು. ರೆಹಮಾನನ ಅಪ್ಪನೂ ಪೇಟಿ ನುಡಿಸುವವನು. ವಯಸ್ಸು ನಲವತ್ತೈದರ ಸುಮಾರಿಗೆ ಅವನ ಕಿವಿ ಕೈಕೊಟ್ಟಿತು. ನಾಟಕದ ನಡುವೆ ಪಾತ್ರಧಾರಿ ಒಂದು ದಾರಿ, ಪೇಟಿ ಒಂದು ದಾರಿ. ಜನ ನಕ್ಕರು. ಆಮೇಲೆ ಅವನು ಪೇಟಿ ಮುಟ್ಟಲಿಲ್ಲ. ರೆಹಮಾನನಿಗೀಗ ಅದೇ ವಯಸ್ಸು, ಮರುದಿನವೇ ಇರಕಲ್ಲಗಡದಲ್ಲಿ ನಾಟಕ.

ಅವನು ಮತ್ತೆ ಹಾರ್ನ್ ಒತ್ತಿಸಿದ. ಮತ್ತೆ ಮೀಟರ್ ನೋಡಿದ. ಮುಖ ಸಪ್ಪಗಾಯಿತು. ನಾಟಕ ಕಲಿಸುವ ಓಬಳೆಪ್ಪನಿಗೆ ಫೋನ್ ಹಚ್ಚಿ, “ನಾಳೆ ಬ್ಯಾರೇ ಪೇಟಿಯಾವರನ್ನ ನೋಡ್ಕೊಳ್ರಿ. ನಮ್ಮ ಅಪ್ಪಗ ಆದಂಗ ನನಗೂ ಆತು” ಎಂದು ಇಟ್ಟುಬಿಟ್ಟ. ನಾನು ಗಿರಣಿ ಬಂದ್ ಮಾಡಿದೆ. ಅವನ ಜಂಬ ಕಂಡರೆ ಉರಿದುಬೀಳುತ್ತಿದ್ದ ನಾನೇ ಹೋಗಿ ಅವನ ಪಕ್ಕ ನಿಂತೆ.

ಆಗ ಕರಿಬಸಪ್ಪ ಮೆಲ್ಲಗೆ ಕೇಳಿದ: “ಅಲ್ರೀ, ಮಾಸ್ತರನ ಕಿವಿ ಕೆಟ್ರ ನನ್ನ ಲೈಟ್ ಯಾಕ ಮಿಣುಕ್ ಅಂತಾವು?”

ಮೆಹಬೂಬಬೀ ಹಣೆ ಬಡಿದುಕೊಂಡಳು. ಅವಳ ತವರು ಎಡದಂಡೆ ಕಾಲುವೆಯ ಕೊನೆಭಾಗದ ಹಳ್ಳಿ. “ತಲೀಕಡೆ ಅಳದು, ಕಾಲುವಿ ಭರ್ತಿ ಐತಿ ಅಂತಿದ್ರು ನೀರಾವರಿ ಸಾಹೇಬ್ರು. ನಮ್ಮ ಗದ್ದಿಗೆ ಹನಿ ನೀರ್ ಬರ್ತಿರಲಿಲ್ಲ, ನಡುವ ಹೂಳು! ನಾನೂ ಸಾಹೇಬ್ರಂಗ ತಲೀಕಡೇನ, ಬ್ಯಾಟರಿಗೇ ಹಚ್ಚಿ ಅಳದ್ನಲ್ಲ! ಹಾರ್ನ್ ಹಂತೇಲಿ ಹಚ್ರಿ ಕಡ್ಡಿ!”

ಕರಿಬಸಪ್ಪ ಹಾರ್ನ್ ಒತ್ತಿ ಹಿಡಿದ. ರೆಹಮಾನ ಹಾರ್ನಿಗೇ ಕಡ್ಡಿ ಹಚ್ಚಿದ. ಒಂಬತ್ತೂವರೆ! ಹದಿನಾಲ್ಕು ಹೊರಟಿದ್ದು ಬಂದು ಮುಟ್ಟುವುದು ಒಂಬತ್ತೂವರೆ!

“ಇಳದೈತಿ! ಇಳದೈತ್ರೋ ಯಪ್ಪಾ!” ಎಂದು ಅವನು ಕಡ್ಡಿ ಕೈಯಲ್ಲೇ ಹಿಡಿದು ಕುಣಿದ. ನನ್ನನ್ನು ಹಿಟ್ಟಿನ ಸಮೇತ ಅಪ್ಪಿಕೊಂಡ. ಕಂಡವರ ಕಾರು ಕೆಟ್ಟಿದ್ದಕ್ಕೆ ಇಷ್ಟು ಕುಣಿದವನನ್ನು ನಾನು ನೋಡಿಲ್ಲ. ಯಾಕೆಂದು ತಿಳಿಯದಿದ್ದರೂ ಕರಿಬಸಪ್ಪನೂ ಚಪ್ಪಾಳೆ ತಟ್ಟಿದ.

ಇನ್ನು ಹೂಳು ಎಲ್ಲಿ? ಬ್ಯಾಟರಿಯಿಂದ ಹೊರಟ ಕಪ್ಪು ವೈರು ಕಾರಿನ ಬಾಡಿಗೆ ಸೇರುವ ನಟ್ಟಿನ ಮೇಲೆ ನಿಂಬೆಹಣ್ಣಿನ ಗಾತ್ರದ ಕೆಂಪು ಗಡ್ಡೆ ಕೂತಿತ್ತು. ಕುಂಕುಮ, ಅರಿಶಿಣ, ಒಣಗಿದ ತೆಂಗಿನಕಾಯಿ ನೀರು, ಅದರಡಿ ತುಕ್ಕು.

“ಅಮಾಸಿಗೊಮ್ಮೆ ಪೂಜಿ ಮಾಡ್ತೀನ್ರಿ” ಎಂದ ಕರಿಬಸಪ್ಪ. “ಬ್ಯಾಟರೀನ ಕಾರಿನ ಜೀವ ಅಂತ ಅಲ್ಲೇ ಕಾಯಿ ಒಡೀತೀನಿ. ಲೈಟ್ ಸಣ್ಣಗಾದ ಮ್ಯಾಲ ಎರಡೆರಡು ಒಡ್ಯಾಕತ್ತೇನಿ.”

ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡವು. “ಇನ್ಮ್ಯಾಲ ಸ್ಟೇರಿಂಗಿಗೆ ಪೂಜಿ ಮಾಡ್ರಿ ಯಣ್ಣಾ, ದೇವ್ರಿಗೆ ಅಲ್ಲಿಂದಾನೂ ಮುಟ್ಟತೈತಿ” ಎಂದಳು ಮೆಹಬೂಬಬೀ. ರೆಹಮಾನ ಗಡ್ಡೆ ಕೆರೆದು, ತುಕ್ಕು ಉಜ್ಜಿ, ನಟ್ಟು ಬಿಗಿದ. ಹಾರ್ನ್ ಒತ್ತಿದ ಏಟಿಗೆ ನಮ್ಮ ಗಿರಣಿಯ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಅವನು ಪೇಟಿ ತೆಗೆದು ಒಂದು ಸ್ವರದ ಮನೆ ಒತ್ತಿದ. ಹಾರ್ನೂ ಪೇಟಿಯೂ ಒಂದೇ ಸ್ವರ.

ಓಬಳೆಪ್ಪನಿಗೆ ಮತ್ತೆ ಫೋನ್ ಹೋಯಿತು. “ನೀ ಬರ್ತಿ ಅನ್ನೂದು ಗೊತ್ತಿತ್ತು, ಇಡಪಾ” ಎಂದನಂತೆ ಆತ.

ಜಂಬ ವಾಪಸು ಬರಲು ಎಷ್ಟು ಹೊತ್ತು? “ನೋಡಿದ್ಯಲ್ಲ ನನ್ನ ಕಿವಿ!” ಎಂದ ರೆಹಮಾನ ಹೆಂಡತಿಗೆ.

“ಕಿವಿ ಛಲೋನ ಅದಾವ” ಎಂದಳು ಅವಳು, ಮೀಟರನ್ನು ಮೊಳೆಗೆ ಹಾಕುತ್ತ. “ಲಗ್ನ ಆದಾಗಿಂದ ನಾ ಹೇಳೂದು ಮಾತ್ರ ಅಲ್ಲೀತನಕ ಮುಟ್ಟವಲ್ದು. ನಡುವ ಎಲ್ಲಿ ಹೂಳು ಕುಂತೈತಿ ನೋಡ್ಕೊಳ್ರಿ.”

ಮಾಸ್ತರ ತನ್ನ ಅಂಗಿಯನ್ನು ತಾನೇ ಬೇರೆ ಮೊಳೆಗೆ ಹಾಕಿದ. ಆಮೇಲೆ ಪೇಟಿ ಒರೆಸುತ್ತ, ಅವಳ ಕಡೆ ನೋಡದೆ ಹೇಳಿದ: “ನಾಳೆ ನೀನೂ ಬಾ. ಮುಂದ ಕುಂದರಬ್ಯಾಡ, ಕಡೀ ಸಾಲಿನ್ಯಾಗ ಕುಂದ್ರು. ನನ್ನ ಪೇಟಿ ಅಲ್ಲೀತನಕ ಮುಟ್ಟತೈತೋ ಇಲ್ಲೋ, ನೀನ ಅಳದು ಹೇಳು.”

ಹೋದಳು. ಮುಟ್ಟಿತಂತೆ.