ಚಂದ್ರನ ನಾಣ್ಯಕ್ಕೆ ಸುತ್ತಿಗೆ ಏಟು

ಗೆಳೆಯರೇ, ನನ್ನ ಅತ್ತಿಗೆಯ ಅಮೆರಿಕದ ಬೆಳ್ಳಿ ನಾಣ್ಯವನ್ನು ಇವತ್ತು ಕುವೆಂಪುನಗರದಲ್ಲಿ ಸುತ್ತಿಗೆಯಿಂದ ಬಡಿದರು. ಮನುಷ್ಯ ಚಂದ್ರನ ಮೇಲೆ ಇಳಿದ ನೆನಪಿಗೆ, ಬೇಕೆಂದೇ ಬಟ್ಟಲಿನಂತೆ ಬಾಗಿಸಿ ಮಾಡಿದ ನಾಣ್ಯವದು. ಬೆಲೆ ಎಷ್ಟಾದೀತೆಂದು ಕೇಳಲು ಬೆಳ್ಳಿ ಅಂಗಡಿಯವರ ಕೈಗೆ ಕೊಟ್ಟೆ. ಫೋನಿನಲ್ಲಿ ಮಾತಾಡಿ ಒಳಗೆ ಬರುವಷ್ಟರಲ್ಲಿ ಅದು ಚಪಾತಿಯಾಗಿತ್ತು.

“ನೆಗ್ಗೋಗಿತ್ತು ಸಾರ್, ತಟ್ಟಿ ಸರಿ ಮಾಡ್ಬುಟ್ಟೆ” ಎಂದರು, ಹೆಮ್ಮೆಯಿಂದ.

“ಅದು ಇದ್ದದ್ದೇ ಹಾಗೆ ಕಣ್ರೀ!” ಎಂದು ಕೂಗಿದೆ.

“ಅಷ್ಟು ದೊಡ್ಡ ದೇಶದೋರು ಸೊಟ್ಟ ಕಾಸು ಮಾಡ್ತಾರಾ ಸಾರ್? ಇನ್ನು ಇದಕ್ಕೆ ಬರೀ ಬೆಳ್ಳಿ ರೇಟು. ಮೇಲೆಲ್ಲಾ ಏಟು ಬಿದ್ದದೆ, ನೋಡಿ!”

ಅತ್ತಿಗೆಗೆ ಯಾವ ಮುಖ ತೋರಿಸಲಿ? ಪುಣ್ಯಕ್ಕೆ ಚಂದ್ರ ಈ ಮಹನೀಯರ ಕೈಗೆ ಎಟುಕುವುದಿಲ್ಲ. ಎಟುಕಿದ್ದರೆ ಅವನ ಗುಂಡಿಗಳನ್ನೆಲ್ಲ ತಟ್ಟಿ ಮಟ್ಟ ಮಾಡಿ, ಮೇಲೆ ಕೂಲಿಯನ್ನೂ ಕೇಳುತ್ತಿದ್ದರು.